ಮೂರನೆಯ ಡೋ

ನಾನೂರ ಹನ್ನೆರಡು ಗಂಟೆಗಳು, ಒಂದು ಗುಜರಿ ಅಂಗಳ, ನನ್ನ ಕೈಯಲ್ಲೊಂದು ಮರದ ಕೊಡತಿ. ಕಳುವಾಗಿದ್ದ ಮೂವತ್ತೇಳು ಗಂಟೆಗಳ ಒಂದು ಮೇಳವು ಆ ರಾಶಿಯಲ್ಲಿ ಬೆರೆತುಹೋಗಿತ್ತು. ಕಳ್ಳರು ಅರದಿಂದ ಉಜ್ಜಿ, ಗಂಟೆ ಹೊಯ್ದ ಎರಕದವನ ಮುದ್ರೆಗಳನ್ನೆಲ್ಲ ಅಳಿಸಿಬಿಟ್ಟಿದ್ದರು. ಗುರುತೆಂದು ಉಳಿದದ್ದು ನಾದವೊಂದೇ.

ಮೂವತ್ತೊಂಬತ್ತು ವರ್ಷಗಳ ಹಿಂದಿನ ಆ ಪತ್ತೆಯನ್ನು ನಾನು ಮಂಡಳಿಯ ಅಧ್ಯಕ್ಷೆಗೆ ವಿವರಿಸುತ್ತಿದ್ದೆ. ಹನ್ನೊಂದು ದಿನ ಬಿಸಿಲಿನಲ್ಲಿ ಕುಳಿತು ಒಂದೊಂದನ್ನೂ ಬಡಿದು ಕೇಳಿದ್ದು. ಎರಕದವನಿಗೆ ವೃತ್ತಿಯಿಂದಲೇ ಕಿವಿ ಮಂದವಾಗಿದ್ದುದರಿಂದ ಅವನ ಮಗಳು, ಎಂಟೊಂಬತ್ತರ ಪೋರಿ, ಸೀಮೆಸುಣ್ಣ ಹಿಡಿದು ನನ್ನ ಹಿಂದೆಯೇ ಸುತ್ತುತ್ತ ಗಂಟೆಗಳ ಮೇಲೆ ಸ್ವರವನ್ನೂ ಅಂಕಿಯನ್ನೂ ಗುರುತು ಹಾಕಿದ್ದು. ನಾನು ಅವಸರಪಟ್ಟಾಗಲೆಲ್ಲ "ಸ್ವಲ್ಪ ತಾಳಿ ಸಾರ್" ಎಂದು ಆ ಗಿಡ್ಡಿ ನನ್ನನ್ನೇ ಗದರಿದ್ದು. ಕೊನೆಗೆ ಮೂವತ್ತೇಳೂ ದೊರೆತವು. ಪತ್ರಿಕೆಯ ಮೊದಲ ಪುಟದಲ್ಲಿ ನನ್ನ ಚಿತ್ರ ಅಚ್ಚಾಯಿತು. ಕಬ್ಬಿಣದ ಕಡಲೆಯೆಂದು ಮೇಲಧಿಕಾರಿಗಳು ಕೈಬಿಟ್ಟಿದ್ದ ಪ್ರಕರಣವದು.

ಗಂಟೆಯ ದನಿ ಹೇಗಿತ್ತೆಂದು ತೋರಿಸಲು ಎದುರಿಗಿದ್ದ ಗಾಜಿನ ಲೋಟವನ್ನು ಚಮಚದಿಂದ ತಟ್ಟಿದೆ.

ಮೇಜಿನ ಆ ತುದಿಯಲ್ಲಿ ಕುಳಿತಿದ್ದ ಹೆಂಗಸು ಆ ಮಧ್ಯಾಹ್ನ ಮೊದಲ ಬಾರಿಗೆ ತಲೆಯೆತ್ತಿದಳು.

"ತಾತ, ಗಂಟೆ ಸಾಕು," ಎಂದಳು ನನ್ನ ಮೊಮ್ಮಗಳು, ಮೆಲ್ಲಗೆ. "ಮೂರೂಕಾಲಾಯ್ತು."

ಅವಳನ್ನು ದೂರಿ ಫಲವಿಲ್ಲ. ತಾತ ಗಂಟೆ ಹೊಡೆಯಲು ಶುರುಮಾಡಿದರೆ ಊಟ ಒಂದು ಗಂಟೆ ತಡ ಎಂಬುದು ನಮ್ಮ ಮನೆಯ ಗಾದೆ. ನಿವೃತ್ತ ಪತ್ತೇದಾರನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಅಷ್ಟೇ.

ನಾವು ಕುಳಿತಿದ್ದುದು ಮೊಮ್ಮಗಳು ಕೆಲಸ ಮಾಡುವ ಸಂಗೀತ ಪ್ರಕಾಶನದ ಮೇಲಂತಸ್ತಿನ ಸಭಾಕೋಣೆಯಲ್ಲಿ. ಅಲ್ಲಿನ ಕಳವಿನ ವಿಚಾರಣೆಗೆ ಅವಳೇ ನನ್ನನ್ನು ಕರೆತಂದಿದ್ದಳು. ಗೋಡೆಗೆ ಒರಗಿಸಿದ್ದ ಹಳೆಯ ಸೀಸದ ಅಚ್ಚುಫಲಕಗಳ ಮೇಲೆ ಸ್ವರಲಿಪಿಯು ಕನ್ನಡಿಯೊಳಗಿನ ಬರಹದಂತೆ ಹಿಂದುಮುಂದಾಗಿ ಕೊರೆದಿತ್ತು. ಫಲಕದ ಕಾಲ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಈಗ ಎಲ್ಲವೂ ಸ್ವರಲಿಪಿಯ ತಂತ್ರಾಂಶದಲ್ಲಿ. ಆ ಪ್ರಕಾಶನದ ಹೆಮ್ಮೆಯಾಗಿದ್ದ ಹಿರಿಯ ಸಂಯೋಜಕರು, ಎಲ್ಲರ ಬಾಯಲ್ಲೂ ಬರೀ 'ಮೇಷ್ಟ್ರು', ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. ಅವರ ಕೊನೆಯ ಕೃತಿಯೆನ್ನಲಾದ ಆರು ಹಾಳೆಗಳು ಹೋದ ವಾರ ಬರಹದಕ್ಕನ ಕೈಚೀಲದಲ್ಲಿ ಸಿಕ್ಕಿದ್ದವು.

ತಲೆಯೆತ್ತಿದ ಹೆಂಗಸೇ, ಅಲ್ಲಿಯವರೆಲ್ಲ ಕರೆಯುವಂತೆ, ಬರಹದಕ್ಕ.

ಐವತ್ತನ್ನು ಸಮೀಪಿಸುತ್ತಿದ್ದ ಆಕೆ ಇಪ್ಪತ್ತೆರಡು ವರ್ಷಗಳಿಂದ ಆ ಪ್ರಕಾಶನದಲ್ಲಿ ಸ್ವರಲಿಪಿಯ ಶುದ್ಧಪ್ರತಿ ತಯಾರಿಸುತ್ತಿದ್ದಳು. ಅವಳ ಕೆಲಸವನ್ನು ಮೊಮ್ಮಗಳು ಹಿಂದಿನ ದಿನ ನನಗೆ ತೋರಿಸಿದ್ದಳು. ನಾನು ಸಂಗೀತ ಬಲ್ಲವನಲ್ಲ. ಆದರೂ ಆ ಪುಟಗಳನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಅವಳ ಪ್ರತಿಯಲ್ಲಿ ಹಾಳೆ ತಿರುವಬೇಕಾದ ಸ್ಥಳದಲ್ಲಿ ವಾದಕನ ಒಂದು ಕೈ ಯಾವಾಗಲೂ ಖಾಲಿ ಇರುತ್ತದೆ. ಅದಕ್ಕಾಗಿ ಅವಳು ಒಂದು ಸಾಲನ್ನು ಹಿಗ್ಗಿಸಿ, ಇನ್ನೊಂದನ್ನು ಕುಗ್ಗಿಸಿ, ಮೂರು ಪುಟ ಹಿಂದಿನಿಂದಲೇ ಹೊಂಚುಹಾಕಿಕೊಂಡು ಬರುತ್ತಾಳೆ. ನುಡಿಸುವವರಿಗೆ ಅದು ತಿಳಿಯುವುದೇ ಇಲ್ಲ. ಹಾಳೆ ತಾನಾಗಿ ತಿರುಗಿತೆಂದುಕೊಳ್ಳುತ್ತಾರೆ. ಹೀಗೆ ಕಣ್ಣಿಗೆ ಬೀಳದಂತೆ ಮಾಡುವ ಕೆಲಸಕ್ಕೆ ನಾನು ತಲೆಬಾಗುತ್ತೇನೆ.

ನಾಲ್ಕು ಹೊಡೆಯುವುದರೊಳಗೆ ಮಂಡಳಿ ತೀರ್ಮಾನಿಸಬೇಕಿತ್ತು. ಹಾಳೆಗಳನ್ನು ಕದ್ದದ್ದು ನಿಜವೆಂದಾದರೆ ಅವಳು ಆ ಬಾಗಿಲನ್ನು ಇನ್ನೆಂದೂ ದಾಟುವಂತಿರಲಿಲ್ಲ. ಹೆಸರಿಗೆ ಹತ್ತಿದ ಮಸಿ ಬೇರೆ ಪ್ರಕಾಶನಗಳ ಬಾಗಿಲನ್ನೂ ಮುಚ್ಚಿಸುತ್ತಿತ್ತು. ಇಷ್ಟಾದರೂ ಅವಳು ತನ್ನ ಪರವಾಗಿ ಆಡಿದ್ದು ಒಂದೇ ಮಾತು: ಹಾಳೆಗಳು ನನ್ನ ಹತ್ತಿರ ಇದ್ದವು.

ದೂರು ಕೊಟ್ಟವನು ಮೇಷ್ಟ್ರ ಅಳಿಯ. ಇಸ್ತ್ರಿ ಮುರಿಯದ ಅಂಗಿ, ಮುರಿಯದ ನಗೆ. ಮಾವನ ಕಂಪ್ಯೂಟರನ್ನೂ ಅದರ ಜೊತೆಗಿದ್ದ ನುಡಿಸುವ ಕೀಬೋರ್ಡನ್ನೂ ತಂದು ಮೇಜಿನ ಮೇಲಿರಿಸಿ, ಸಾವಿಗೆ ಮೂರು ವಾರ ಮುಂಚಿನ ದಿನಾಂಕವಿದ್ದ ಕಡತವೊಂದನ್ನು ತೆರೆದು ತೋರಿಸಿದ್ದ. ಕೃತಿ ಅದೇ. ಆರು ಪುಟವೂ ಅದೇ.

"ಇದರ ಪಾಸ್‌ವರ್ಡ್ ಮಾವನವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ," ಎಂದ ಆತ. "ಕೊನೇ ದಿನಗಳಲ್ಲಿ ಚೀಟಿ ಬರೆದು ನನ್ನ ಕೈಗೆ ಕೊಟ್ರು. ಅಲ್ಲೀವರೆಗೆ ಅವರನ್ನ ಬಿಟ್ಟು ಈ ಯಂತ್ರಾನ ಯಾರೂ ಮುಟ್ಟಿಲ್ಲ ಯಜಮಾನ್ರೇ."

"ಯಾರೂ?"

"ನರಪಿಳ್ಳೆ ಮುಟ್ಟಿಲ್ಲ."

ಆ ಮಾತನ್ನು ಸಭೆಯ ಪುಸ್ತಕದಲ್ಲಿ ಬರೆದುಕೊಳ್ಳುವಂತೆ ಅಧ್ಯಕ್ಷೆಯನ್ನು ಕೇಳಿಕೊಂಡೆ. ಬರೆದುಕೊಂಡರು.

ಬಳಿಕ ನಾನು ಕೈಚೀಲದಲ್ಲಿ ಸಿಕ್ಕ ಹಾಳೆಗಳನ್ನು ಮುಂದೆಳೆದುಕೊಂಡೆ. ಅವು ತಿದ್ದುಪಡಿಗೆಂದು ತೆಗೆದ ಪ್ರತಿಗಳು. ಆ ಪ್ರಕಾಶನದಲ್ಲೊಂದು ಪದ್ಧತಿ: ಅಚ್ಚಿಗೆ ಹೋಗುವ ಮುನ್ನ ಒಬ್ಬರು ಸ್ವರಗಳ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಮೂಲದ ಮೇಲೆ ಬೆರಳಾಡಿಸುತ್ತ ಒಪ್ಪಿಸಿಕೊಳ್ಳುತ್ತಾರೆ. ಅದಕ್ಕಾಗಿ ಪ್ರತಿ ಸ್ವರದ ಕೆಳಗೂ ಅದರ ಹೆಸರು ಮೂಡುವಂತೆ ತಂತ್ರಾಂಶಕ್ಕೆ ಹೇಳಿಡುತ್ತಾರೆ: ನಮ್ಮ ಸ ರಿ ಗ ಇದ್ದಂತೆ, ಡೋ, ರೇ, ಮಿ. ಒಂದೇ ಡೋ ಮಂದ್ರದಲ್ಲೂ ಇದೆ, ಮಧ್ಯದಲ್ಲೂ ಇದೆ, ತಾರದಲ್ಲೂ ಇದೆ. ಯಾವುದೆಂದು ತಿಳಿಯಲು ಪಕ್ಕದಲ್ಲೊಂದು ಸ್ಥಾಯಿಯ ಅಂಕಿ.

ಅಂಕಿಯ ಮೇಲೆ ನನ್ನ ಬೆರಳು ನಿಂತಿತು.

ಹಾಳೆಯಲ್ಲಿ, ಕೀಬೋರ್ಡಿನ ನಟ್ಟನಡುವೆ ಬರುವ ಡೋ ಸ್ವರದ ಕೆಳಗೆ 'ಡೋ ೩' ಎಂದಿತ್ತು. ಪರದೆಯ ಮೇಲೆ, ಅದೇ ಕಡತದ ಅದೇ ಸ್ವರದ ಕೆಳಗೆ, 'ಡೋ ೪'.

ಯಾವುದು ತಪ್ಪು ಎಂದು ಮೊಮ್ಮಗಳನ್ನು ಕೇಳಿದೆ.

"ಎರಡೂ ಸರಿ ತಾತ. ಮಹಡಿ ಎಣಿಸೋ ಹಾಗೆ. ಕೆಲವರು ನೆಲದ ಮಟ್ಟದ್ದನ್ನೇ ಒಂದು ಅಂತಾರೆ, ಕೆಲವರು ಅದರ ಮೇಲಿಂದ ಲೆಕ್ಕ ಹಿಡೀತಾರೆ. ಹತ್ತೋ ಮೆಟ್ಟಿಲು ಅಷ್ಟೇ."

ತಂತ್ರಾಂಶದೊಳಗೆ ಆ ಆಯ್ಕೆಯ ಪುಟವನ್ನು ತೆರೆದು ತೋರಿಸಿದಳು. ಸ್ವರದ ಹೆಸರು ಅಕ್ಷರವಾಗಿ ಕಾಣಬೇಕೋ ಡೋ-ರೇ-ಮಿ ಎಂದು ಕಾಣಬೇಕೋ, ಅಂಕಿ ಬೇಕೋ ಬೇಡವೋ, ಎಲ್ಲವನ್ನೂ ಅಲ್ಲಿ ನಮಗೆ ಬೇಕಾದಂತೆ ಗೊತ್ತುಮಾಡಬಹುದು. ಕೊನೆಯ ಸಾಲಿನಲ್ಲಿ ಪುಟ್ಟದೊಂದು ಚೌಕ: ನಡುವಿನ ಡೋ ಎಷ್ಟನೆಯದು? ಮೇಷ್ಟ್ರ ಯಂತ್ರದಲ್ಲಿ ಅದು ನಾಲ್ಕು. ಅವರ ಕೀಬೋರ್ಡಿನ ನಡುವಿನ ಬಿಳಿ ಪಟ್ಟಿಗೂ ಹಳದಿಗಟ್ಟಿದ ಚೀಟಿಯೊಂದು ಅಂಟಿಕೊಂಡಿತ್ತು. ಅಲುಗಾಡುವ ಅವರ ಕೈಬರಹದಲ್ಲಿ ಅದೂ 'ಡೋ ೪' ಎಂದೇ ಹೇಳುತ್ತಿತ್ತು.

ಈ ಆಯ್ಕೆ ಕಡತದೊಂದಿಗೆ ಪ್ರಯಾಣ ಮಾಡುವುದಿಲ್ಲವೇ ಎಂದು ಅಧ್ಯಕ್ಷೆ ವಿಚಾರಿಸಿದರು.

"ಇಲ್ಲ ಮೇಡಂ, ಯಂತ್ರದಲ್ಲೇ ಉಳಿಯುತ್ತೆ. ಕನ್ನಡಕ ಇದ್ದ ಹಾಗೆ. ಪುಸ್ತಕ ಎರವಲು ಕೊಟ್ರೆ ಕನ್ನಡಕಾನೂ ಜೊತೆಗೆ ಹೋಗುತ್ತಾ?"

ಅಳಿಯ ಬೆನ್ನನ್ನು ಕುರ್ಚಿಗೆ ಒರಗಿಸಿದ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದವನ ಮುಖ ಅದು. ತಾನು ಹೇಳುತ್ತಿರುವುದೂ ಇದನ್ನೇ ಅಲ್ಲವೇ, ಬರಹದಕ್ಕ ಕಡತವನ್ನು ಹೇಗೋ ಇಲ್ಲಿಂದ ಕದ್ದು, ಮನೆಗೊಯ್ದು, ತನ್ನ ಕನ್ನಡಕದಲ್ಲಿ ಅಚ್ಚು ತೆಗೆದಿದ್ದಾಳೆ ಎಂದ. ಅಧ್ಯಕ್ಷೆ ತಲೆದೂಗಿದರು. ಮೊಮ್ಮಗಳ ಮುಖ ಬಾಡಿತು. ಬರಹದಕ್ಕನನ್ನು ಬಿಡಿಸಲೆಂದು ತಾನು ಹೊತ್ತುತಂದ ದೀಪವೇ ಅವಳ ಸೆರಗಿಗೆ ತಗುಲಿದಂತಾಗಿತ್ತು.

ಗಡಿಯಾರದಲ್ಲಿ ಇಪ್ಪತ್ತು ನಿಮಿಷಗಳು ಉಳಿದಿದ್ದವು.

ನಾನು ಕಿಸೆಯಿಂದ ಭೂತಗನ್ನಡಿ ತೆಗೆದೆ. ಪತ್ತೇದಾರನೆಂದರೆ ಭೂತಗನ್ನಡಿ ಎಂದು ಜನ ನಗುತ್ತಾರೆ. ನಗಲಿ, ಅಳುವವರ ಮಧ್ಯೆ ನಗುವವರೂ ಬೇಕು. ನಾಲ್ಕನೆಯ ಹಾಳೆಯ ಎರಡನೆಯ ಸಾಲಿನಡಿ, ವಾದಕರಿಗೆಂದು ಟೈಪು ಮಾಡಿದ್ದ ಸಣ್ಣ ಸೂಚನೆಯೊಂದಿತ್ತು. ಅದನ್ನು ಎರಡು ಬಾರಿ ಓದಿಕೊಂಡು ಹಾಳೆಯನ್ನು ಅಳಿಯನ ಕಡೆಗೆ ಸರಿಸಿದೆ. ದಯವಿಟ್ಟು ಗಟ್ಟಿಯಾಗಿ ಓದಬೇಕೆಂದು ಕೋರಿದೆ.

"'ಇಲ್ಲಿ ಡೋ ಮೂರು ಪೂರ್ತಿ ಅಡಗಲಿ. ಆಮೇಲೆ ಮುಂದುವರಿಯಿರಿ.'"

"ಈಗ ಪರದೆ ಮೇಲೆ ಅದೇ ಜಾಗ ಓದಿ."

ಆತ ಓದಲು ಬಾಯಿ ತೆರೆದ. ಆಮೇಲೆ ಹಾಳೆಯನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡಿದ. ಪರದೆಯ ಮೇಲೆ ಸ್ವರದ ಕೆಳಗೆ 'ಡೋ ೪' ಎಂದು ಮೂಡಿತ್ತು. ಅದರ ಅಡಿಯಲ್ಲೇ ಸೂಚನೆ: ಇಲ್ಲಿ ಡೋ ೩ ಪೂರ್ತಿ ಅಡಗಲಿ.

"ಹೆಸರನ್ನ ತೋರಿಸೋದು ಯಂತ್ರ," ಎಂದೆ. "ಅದು ಕನ್ನಡಕ ಬದಲಾದ ಹಾಗೆ ಬದಲಾಗುತ್ತೆ. ಆದರೆ ಈ ಸೂಚನೆ ಮನುಷ್ಯರು ಟೈಪು ಮಾಡಿದ್ದು. ಯಾವ ಕನ್ನಡಕ ಹಾಕಿದ್ರೂ ಅದರ ಅಕ್ಷರ ಬದಲಾಗಲ್ಲ. ಇದನ್ನ ಬರೆದವರ ಲೆಕ್ಕದಲ್ಲಿ ನಡುವಿನ ಡೋ ಮೂರನೇದು. ನಿಮ್ಮ ಮಾವನವರ ಲೆಕ್ಕದಲ್ಲಿ ಯಾವತ್ತೂ ನಾಲ್ಕನೇದು. ಚೀಟಿ ಅಂಟಿಸಿ ಇಟ್ಟಿದ್ದಾರೆ."

"ವಯಸ್ಸಾಗಿತ್ತು. ತಪ್ಪು ಬರೆದಿರಬಹುದು."

ಒಂದು ಸಲ ತಪ್ಪಬಹುದು ಎಂದು ಒಪ್ಪಿಕೊಂಡೆ. ಆರು ಹಾಳೆಗಳಲ್ಲಿ ಅಂತಹ ಸೂಚನೆಗಳು ಒಂಬತ್ತಿದ್ದವು. ಮೊಮ್ಮಗಳು ಒಂದೊಂದನ್ನೇ ಓದಿ ಒಪ್ಪಿಸಿದಳು. ಒಂಬತ್ತರಲ್ಲೂ ಲೆಕ್ಕ ಮೂರರದೇ. ಕೈ ತಪ್ಪುವುದುಂಟು, ಆದರೆ ಒಂಬತ್ತು ಬಾರಿ ಒಂದೇ ಕಡೆಗೆ ತಪ್ಪುವ ಕೈಯನ್ನು ನಾನು ನನ್ನ ಸೇವೆಯಲ್ಲಿ ಕಂಡಿಲ್ಲ.

"ಈ ಯಂತ್ರವನ್ನ ಮಾವನವರು ಬಿಟ್ಟು ನರಪಿಳ್ಳೆ ಮುಟ್ಟಿಲ್ಲ ಅಂದಿದ್ದು ನೀವೇ," ಎಂದೆ. "ಅವರು ಬರೆದದ್ದಲ್ಲ, ಬೇರೆಯವರು ಇಲ್ಲಿ ಕೂತು ಬರೆದದ್ದೂ ಅಲ್ಲ. ಅಂದ್ಮೇಲೆ ಈ ಫೈಲು ಇಲ್ಲಿಂದ ಹೋಗಿದ್ದಲ್ಲ. ಇಲ್ಲಿಗೆ ಬಂದಿದ್ದು."

ಅಳಿಯನ ಅಂಗಿಯ ಇಸ್ತ್ರಿ ಮುರಿಯಲಿಲ್ಲ. ನಗೆ ಮುರಿಯಿತು.

ಅಧ್ಯಕ್ಷೆ ನಿಧಾನವಾಗಿ ಬರಹದಕ್ಕನ ಕಡೆ ತಿರುಗಿದರು. ಹಾಗಾದರೆ ಬರೆದವಳು ನೀನೇ ಏನಮ್ಮ ಎಂದು ಕೇಳಿದರು. ಹೌದೆಂಬ ಒಂದೇ ಒಂದು ಮಾತು ಅವಳನ್ನು ಕಟಕಟೆಯಿಂದ ಇಳಿಸಿ ಸಂಯೋಜಕಿಯ ಪೀಠಕ್ಕೆ ಏರಿಸುತ್ತಿತ್ತು. ಆ ಮಾತಿಗಾಗಿ ನಾವೆಲ್ಲ ಕಾದೆವು.

"ನನ್ನ ಮೇಜಿನ ಯಂತ್ರದಲ್ಲಿ ನಾಲ್ಕೇ ಇದೆ ಮೇಡಂ," ಎಂದಳು ಅವಳು. "ಹೋಗಿ ನೋಡಬಹುದು."

ಮೊಮ್ಮಗಳು ಕೆಳಗಿಳಿದು ಹೋಗಿ ನೋಡಿಬಂದಳು. ಹೋದವಳು ತುಸು ತಡವಾಗಿಯೇ ಬಂದಳು. ನಾಲ್ಕೇ ಇತ್ತು, ಆ ಪ್ರಕಾಶನದ ಎಲ್ಲ ಯಂತ್ರಗಳಲ್ಲೂ ನಾಲ್ಕೇ ಇರಬೇಕೆಂಬ ನಿಯಮ ಇಪ್ಪತ್ತು ವರ್ಷ ಹಳೆಯದು.

ಮನೆಯಲ್ಲಿ ಬೇರೆ ಕಂಪ್ಯೂಟರ್ ಇದೆಯೇ ಎಂದು ಅಧ್ಯಕ್ಷೆ ಕೇಳಿದರು.

"ಇದೆ."

"ಅದನ್ನ ನಾವು ನೋಡಬಹುದಾ?"

"ಬೇಡ ಮೇಡಂ. ಕೆಲಸ ಹೋದರೂ ಅದನ್ನ ತೋರಿಸಲ್ಲ."

ದನಿಯಲ್ಲಿ ಹಟವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಕೊಟ್ಟ ಮಾತೊಂದನ್ನು ಕಾಯ್ದುಕೊಂಡಿರುವವರ ದನಿ ಹಾಗಿರುತ್ತದೆ. ನನ್ನ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅದನ್ನು ಮೂರೋ ನಾಲ್ಕೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಎದ್ದು ನಿಲ್ಲಬೇಕೆನಿಸಿದೆ.

ಕಳವಿನ ಆರೋಪವನ್ನು ಸೋಮವಾರ ಬೆಳಿಗ್ಗೆ ಹತ್ತರವರೆಗೆ ತಡೆಹಿಡಿಯಲಾಗಿದೆ, ಅಷ್ಟರೊಳಗೆ ಆಕೆ ತನ್ನ ಮನೆಯ ಯಂತ್ರವನ್ನು ಒಪ್ಪಿಸಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ಅಧ್ಯಕ್ಷೆ ಪುಸ್ತಕದಲ್ಲಿ ಬರೆದರು. ಎಲ್ಲರೂ ಸಹಿ ಮಾಡಬೇಕಿತ್ತು. ಪುಸ್ತಕ ಬರಹದಕ್ಕನ ಮುಂದೆ ಬಂದಾಗ ಗೋಡೆಯ ಗಡಿಯಾರ ನಾಲ್ಕು ಹೊಡೆಯತೊಡಗಿತು.

ಅವಳ ಪೆನ್ನು ಕಾಗದದ ಮೇಲೆ ಒಂದು ಗೆರೆಯಷ್ಟು ಎತ್ತರದಲ್ಲಿ ನಿಂತಿತು. ಕೈ ನಡುಗುತ್ತಿದೆಯೇ ಎಂದು ನೋಡಿದೆ, ಪೊಲೀಸನ ಚಾಳಿ. ನಡುಗುತ್ತಿರಲಿಲ್ಲ. ನಾಲ್ಕನೆಯ ಹೊಡೆತ ಮುಗಿಯಿತು. ಅದರ ಗುಂಯ್‌ಗಾರ ಗೋಡೆಯ ಸೀಸದ ಫಲಕಗಳನ್ನು ತಡವಿ, ಕಿಟಕಿಯ ಬಳಿ ಸಣ್ಣಗಾಗಿ, ಇಲ್ಲವಾಯಿತು. ಇಲ್ಲವಾದ ಮೇಲೆಯೂ ಅವಳು ಒಂದು ಕ್ಷಣ ಕಾದಳು. ಆಮೇಲೆ ಸಹಿ ಮಾಡಿದಳು.

ಮೊಮ್ಮಗಳೂ ಆ ಪೆನ್ನನ್ನೇ ನೋಡುತ್ತಿದ್ದಳು.

ಹೊರಗಿನ ಮೆಟ್ಟಿಲುಗಳ ಮೇಲೆ ಅಳಿಯ ನಮ್ಮನ್ನು ದಾಟಿ ದಡದಡ ಇಳಿದುಹೋದ. ನಾನು ಕಟಕಟೆಯ ಸಾಕ್ಷಿಯಂತೆ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿಯುತ್ತಿದ್ದೆ. ಗೆದ್ದಿದ್ದೆನೆಂಬ ಹಿಗ್ಗು ನನ್ನ ಮೊಣಕಾಲಿಗೂ ಹತ್ತಿತ್ತು. ಒಂಬತ್ತು ಸೂಚನೆಗಳನ್ನು ಹೇಗೆ ಸಾಲಾಗಿ ನಿಲ್ಲಿಸಿದೆನೆಂದು ಮೊಮ್ಮಗಳಿಗೆ ಬಣ್ಣಿಸತೊಡಗಿದ್ದೆ.

ಅವಳು ನಡುಮೆಟ್ಟಿಲಲ್ಲಿ ನಿಂತಳು. ಕೆಳಗೆ ಹೋದವಳು ತಡಮಾಡಿದ್ದು ಸುಮ್ಮನಲ್ಲವಂತೆ. ಮೇಷ್ಟ್ರ ಹಿಂದಿನ ಕೃತಿಗಳನ್ನು ಕಪಾಟಿನಿಂದ ಇಳಿಸಿ ಸೂಚನೆಗಳನ್ನಷ್ಟೇ ಓದಿ ಬಂದಿದ್ದಳು. ಮೊದಮೊದಲಿನವುಗಳಲ್ಲಿ ಎಲ್ಲೆಡೆ ನಡುವಿನ ಡೋ ನಾಲ್ಕನೆಯದು. ಹನ್ನೆರಡು ವರ್ಷಗಳಿಂದೀಚೆಗೆ, ಅವರ ಹೆಸರು ಸಮುದ್ರ ದಾಟಿದ ಆ ಮೊದಲ ದೊಡ್ಡ ಕೃತಿಯಿಂದ ಹಿಡಿದು, ಎಲ್ಲದರಲ್ಲೂ ಮೂರನೆಯದು. ನುಡಿಸುವವರು ಸ್ವರ ನೋಡುತ್ತಾರೆ, ಸೂಚನೆಯ ಅಂಕಿಯನ್ನು ಯಾರು ನೋಡುತ್ತಾರೆ?

"ಅಂದ್ರೆ ಆರು ಹಾಳೆ ಅಲ್ಲ ತಾತ. ಹನ್ನೊಂದು ಪುಸ್ತಕ."

ಬರಹದಕ್ಕ ಮನೆಯ ಯಂತ್ರವನ್ನು ಏಕೆ ತೋರಿಸಲೊಲ್ಲಳೆಂದು ನನಗೆ ಈಗ ತಿಳಿಯಿತು. ಲೋಕವೇ ಎದ್ದು ನಿಂತು ಚಪ್ಪಾಳೆ ತಟ್ಟಿದ ಹನ್ನೊಂದು ಕೃತಿಗಳು. ಹಾಳೆ ತಿರುವಲು ಕೈ ಖಾಲಿಯಿದೆಯೇ ಎಂದು ನೋಡಿಕೊಳ್ಳುತ್ತ ಕೆಳಗಿನ ಅಂತಸ್ತಿನ ಮೂಲೆಮೇಜಿನಲ್ಲಿ ಕುಳಿತಿದ್ದ ಒಬ್ಬ ಹೆಂಗಸು.

"ಇನ್ನೊಂದು ಕೇಳ್ತೀನಿ," ಎಂದಳು ಮೊಮ್ಮಗಳು. "ಆ ಗಂಟೆಗಳ ಮೇಲೆ ಸೀಮೆಸುಣ್ಣದಲ್ಲಿ ಆ ಹುಡುಗಿ ಬರೀತಿದ್ದಳಲ್ಲ, ನಡುವಿನ ಡೋ ಮೇಲೆ ಯಾವ ಅಂಕಿ ಇತ್ತು?"

ಮೂವತ್ತೊಂಬತ್ತು ವರ್ಷಗಳಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಕಣ್ಣು ಮುಚ್ಚಿದೆ. ಬಿಸಿಲು, ಕಂಚು, ಬಿಳಿಯ ಪುಡಿ. ಎರಕದವನು ತಾನು ಎರೆಯಬಲ್ಲ ಅತಿ ದೊಡ್ಡ ಗಂಟೆಯ ಸ್ಥಾಯಿಯನ್ನು ಒಂದು ಎಂದು ಎಣಿಸುತ್ತಿದ್ದ. ಮಗಳೂ ಹಾಗೆಯೇ ಕಲಿತಿದ್ದಳು.

"ಮೂರು," ಎಂದೆ.

"'ತಾಳಿ ಸಾರ್' ಅಂತ ಯಾಕೆ ಗದರ್ತಿದ್ದಳು?"

"ನಾದ ಪೂರ್ತಿ ಅಡಗೋವರೆಗೂ ಬರೀಬಾರದು ಅಂತ ಅವರಪ್ಪ ಹೇಳಿಕೊಟ್ಟಿದ್ನಂತೆ. ಅಡಗೋ ಗಳಿಗೆಯಲ್ಲೇ ಗಂಟೆ ತನ್ನ ನಿಜವಾದ..."

ಗಡಿಯಾರದ ಸದ್ದು ಅಡಗುವವರೆಗೂ ಕಾಗದದ ಮೇಲೆ ನಿಂತಿದ್ದ ಪೆನ್ನು ಕಣ್ಣಮುಂದೆ ಬಂತು.

ಮೊಮ್ಮಗಳು ಅವಸರಪಡಲಿಲ್ಲ. ಆ ಹುಡುಗಿಯ ಹೆಸರೇನೆಂದು ಕೇಳಿದಳು. ನಾನು ಕೇಳಿಟ್ಟುಕೊಂಡಿರಲಿಲ್ಲ. ಹನ್ನೊಂದು ದಿನ ನನ್ನ ನೆರಳಾಗಿದ್ದವಳ ಹೆಸರನ್ನು ನನ್ನ ವರದಿಯಲ್ಲಿ ನಾನು ಬರೆದೇ ಇರಲಿಲ್ಲ. ಪತ್ರಿಕೆಯ ಚಿತ್ರದಲ್ಲಿ ಕೊಡತಿ ಹಿಡಿದು ನಾನೊಬ್ಬನೇ ನಿಂತಿದ್ದೇನೆ. ಸೀಮೆಸುಣ್ಣದ ಪುಟ್ಟ ಕೈ ಚೌಕಟ್ಟಿನಾಚೆ ಉಳಿದಿತ್ತು.

"ನಿಮಗೆ ಸಂಗೀತ ಬರಲ್ಲ ಅಂತ ನೀವೇ ಹೇಳ್ತೀರ. ಹಾಗಿದ್ರೆ ಆ ಮೂವತ್ತೇಳನ್ನ ಗುರುತು ಹಿಡಿದೋರು ಯಾರು ತಾತ?"

ಮೇಲಿನ ಮೆಟ್ಟಿಲುಗಳಿಂದ ಇಳಿದುಬರುತ್ತಿದ್ದ ಚಪ್ಪಲಿಯ ಸದ್ದು ನಮ್ಮ ಹಿಂದೆಯೇ ನಿಂತಿತು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಬರಹದಕ್ಕ ಮುಂದೆ ಬರಲಿಲ್ಲ, ಹಿಂದೆ ಹೋಗಲೂ ಇಲ್ಲ. ಕಾಯುತ್ತಿದ್ದಳು.

ಮೊಮ್ಮಗಳು ಆ ಕಡೆಗೊಮ್ಮೆ ನೋಡಿ, ಮೆಟ್ಟಿಲ ಮೇಲೆಯೇ ಕುಳಿತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಆ ಗಂಟೆ ಕಥೆ ಇನ್ನೊಂದು ಸಲ ಹೇಳಿ ತಾತ," ಎಂದಳು. "ಕೊಡತಿಯಿಂದ ಬೇಡ. ಈ ಸಲ ಸೀಮೆಸುಣ್ಣದಿಂದ ಶುರುಮಾಡಿ."